ಒಂದು ಜರಡಿ ಕಡಿಮೆ

ಅರ್ಬಾಬರ ಮಗ ಫೋನು ಮಾಡಿದಾಗ ನಾನು ಬರ್ ದುಬೈಯ ಅಂಗಡಿಯಲ್ಲಿ ಒಬ್ಬ ಗಿರಾಕಿಯ ಜತೆ ಜಮಖಾನೆಯ ಬೆಲೆಗೆ ಜಗ್ಗಾಡುತ್ತಿದ್ದೆ. "ಟೆಂಟ್ ಬೇಕು. ಗಂಡಸರಿಗೆ ಮಾತ್ರ ಸಾಕು, ಹೆಂಗಸರು ಮನೆಯೊಳಗೆ ಕೂರುತ್ತಾರೆ" ಎಂದ. ಯಾರಿಗೆ ಏನಾಯಿತು ಎಂದು ನಾನು ಕೇಳಲಿಲ್ಲ. ಆ ಮನೆಯಿಂದ ಟೆಂಟಿಗೆ ಫೋನು ಮಾಡುತ್ತಿದ್ದವರು ಯಾವಾಗಲೂ ಅರ್ಬಾಬರೇ. ಮಗ ಮಾಡಿದ ಎಂದ ಮೇಲೆ ಕೇಳುವುದಕ್ಕೆ ಉಳಿದದ್ದೇನೂ ಇರಲಿಲ್ಲ. ಗಿರಾಕಿ ಹೇಳಿದ ಬೆಲೆಗೇ ಜಮಖಾನೆ ಸುತ್ತಿಕೊಟ್ಟು, ಅಬುಧಾಬಿ ಬದಿಯ ಮುಸಫ್ಫಾದಲ್ಲಿದ್ದ ನನ್ನ ಗೋಡೌನಿಗೆ ಹೊರಟೆ. ದಾರಿಯಲ್ಲಿ ಅನಿಸಿತು, ನಾನು ಬೆಲೆ ಬಿಟ್ಟುಕೊಟ್ಟದ್ದು ಅವರಿಗೆ ಗೊತ್ತಾಗಿದ್ದರೆ ಬೈಯುತ್ತಿದ್ದರು.

ಅರ್ಬಾಬ್ ಎಂದರೆ ನಮ್ಮ ಕಡೆ ಯಜಮಾನರು ಎನ್ನುವ ಹಾಗೆ. ಹಿಂದೆ ಹೊರಗಿನವನು ಇಲ್ಲಿ ವ್ಯಾಪಾರ ಹೂಡಬೇಕಾದರೆ ಈ ನಾಡಿನವರೊಬ್ಬರು ಪಾಲುದಾರರಾಗಿ ಕಾಗದಕ್ಕೆ ಸಹಿ ಹಾಕಬೇಕಿತ್ತು. ನನಗೆ ಸಹಿ ಹಾಕಿದವರು ಇವರು. ಆಮೇಲೆ ಕಾನೂನು ಸಡಿಲವಾಯಿತು, ಬಹಳ ಜನ ತಮ್ಮ ಅರ್ಬಾಬರ ಹೆಸರನ್ನು ಲೈಸೆನ್ಸಿನಿಂದ ತೆಗೆಸಿದರು. ನಾನು ತೆಗೆಸಲಿಲ್ಲ. ಅದು ಕೃತಜ್ಞತೆಯಿಂದ ಎಂದು ಜನ ತಿಳಿದರೆ ತಿಳಿಯಲಿ. ಅವರ ಹೆಸರಿದ್ದರೆ ನನ್ನ ಮಾಲಿಗೆ ಬೆಲೆ ಹೆಚ್ಚು ಎಂಬುದೂ ಅದರಲ್ಲಿತ್ತು.

ಅವರು ಸರಕಾರದ ಪ್ರೋಟೋಕಾಲ್ ವಿಭಾಗದಲ್ಲಿ ಇದ್ದವರು. ಹೊರದೇಶದ ಮಂತ್ರಿಯೋ ರಾಯಭಾರಿಯೋ ಬಂದರೆ ಯಾವ ಬಾಗಿಲಿಂದ ಬರಬೇಕು, ಯಾರ ಪಕ್ಕ ಕೂರಬೇಕು, ಯಾರು ಮೊದಲು ಕೈ ಚಾಚಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವ ಕೆಲಸ. ನನ್ನದು ಟೆಂಟು, ಜಮಖಾನೆ, ಆಸನಗಳನ್ನು ಸಮಾರಂಭಗಳಿಗೆ ಬಾಡಿಗೆಗೆ ಕೊಡುವ ಕೆಲಸ. ಭಟ್ಕಳದಿಂದ ಬಂದು ಸಂಬಂಧಿಕರ ಬಟ್ಟೆ ಅಂಗಡಿಯಲ್ಲಿ ಥಾನು ಅಳೆಯುತ್ತಿದ್ದವನು ನಾನು. ಥಾನಿನಿಂದ ಟೆಂಟಿಗೆ ಹೋದದ್ದು ನನ್ನ ಬುದ್ಧಿ. ಟೆಂಟಿನೊಳಗೆ ಯಾರನ್ನು ಎಲ್ಲಿ ಕೂರಿಸಬೇಕು ಎಂದು ಕಲಿತದ್ದು ಅವರಿಂದ.

ಸಹಿ ಕೇಳಲು ಮೊದಲ ಸಲ ಅವರ ಅಬುಧಾಬಿಯ ಮನೆಗೆ ಹೋದಾಗ ಮಜ್ಲಿಸಿನಲ್ಲಿ, ಅಂದರೆ ಅತಿಥಿಗಳು ಕೂರುವ ಹಜಾರದಲ್ಲಿ, ವಿನಯ ತೋರಿಸಲೆಂದು ಬಾಗಿಲ ಪಕ್ಕದಲ್ಲೇ ಕೂತೆ. ಅವರದು ಬೊಂಬಾಯಿ ಹಿಂದಿ, ಚಿಕ್ಕಂದಿನಲ್ಲಿ ಭಾರತದ ವ್ಯಾಪಾರಿಗಳ ನಡುವೆ ಕಲಿತದ್ದು.

"ಯಾ ಭಟ್ಕಲಿ, ಅಲ್ಲಿ ಯಾಕೆ ಕೂತೆ?"

"ನನಗೆ ಇಲ್ಲೇ ಸಾಕು ಅರ್ಬಾಬ್."

"ಬಾಗಿಲ ಹತ್ತಿರ ಕೂತವನಿಗೆ ಹೊರಡುವ ಯೋಚನೆ ಇರುತ್ತದೆ. ಹೊರಡುವವನ ಕಾಗದಕ್ಕೆ ನಾನು ಯಾಕೆ ಸಹಿ ಹಾಕಲಿ?"

ಎದ್ದು ಹೋಗಿ ಅವರ ಎದುರಿಗೆ ಕೂತೆ. ನನ್ನ ಜೀವನದ ಒಳ್ಳೆಯ ವ್ಯವಹಾರಗಳಲ್ಲಿ ಅದೊಂದು.

ಅವರಿಗೆ ಒಂದು ಅಭ್ಯಾಸವಿತ್ತು. ಸಮಾರಂಭದ ಹಿಂದಿನ ದಿನ ನಾನು ಆಸನಗಳನ್ನು ಜೋಡಿಸಿ ಮುಗಿಸಿದ ಮೇಲೆ ಬರುತ್ತಿದ್ದರು. ಹೂವನ್ನೂ ದೀಪವನ್ನೂ ನೋಡುತ್ತಿರಲಿಲ್ಲ. ಒಂದೊಂದೇ ಮುಖ್ಯ ಆಸನದಲ್ಲಿ ತಾವೇ ಕೂತು, ಕೈ ಮಡಿಲಲ್ಲಿಟ್ಟು, ನೆಟ್ಟಗೆ ಎದುರಿಗೆ ನೋಡುತ್ತಿದ್ದರು. ಒಮ್ಮೆ ಒಬ್ಬ ವಿದೇಶಿ ಮಂತ್ರಿಗೆಂದು ಇಟ್ಟ ಸೋಫಾದಲ್ಲಿ ಕೂತವರು ಬಹಳ ಹೊತ್ತು ಏಳಲಿಲ್ಲ. ನನಗೆ ಸಂತೋಷ, ಸೋಫಾ ಹೊಸದು. "ಬಾ, ಇಲ್ಲಿ ಕೂರು" ಎಂದರು. ಕೂತೆ. ನೇರ ಎದುರಿಗೆ, ಎರಡು ಖರ್ಜೂರದ ಗಿಡಗಳ ಕುಂಡಗಳ ನಡುವೆ, ಕಕ್ಕಸಿನ ಬಾಗಿಲು. ಆ ಸಂಜೆ ಇಡೀ ಹಜಾರವನ್ನು ತಿರುಗಿಸಿದೆವು. ಆಸನ ಬಾಡಿಗೆಗೆ ಕೊಡುವವರಿಗೂ, ಮಗಳ ಮದುವೆಗೆ ಹಾಲ್ ಹಿಡಿಯುವವರಿಗೂ ನಾನು ಹೇಳುವುದು ಇದನ್ನೇ. ಕುರ್ಚಿ ಹೇಗಿದೆ ಎಂದು ನಿಂತು ನೋಡಬೇಡಿ, ಅದರಲ್ಲಿ ಕೂತು ಏನು ಕಾಣುತ್ತದೆ ಎಂದು ನೋಡಿ.

'ಇಲ್ಲ' ಎಂಬ ಮಾತನ್ನು ಅವರು ಬಾಯಿಂದ ಆಡುತ್ತಿರಲಿಲ್ಲ. ಇದು ನನಗೆ ತಡವಾಗಿ ಅರ್ಥವಾಯಿತು. ಒಂದು ದೊಡ್ಡ ಇಲಾಖೆಯ ಕೆಲಸಕ್ಕೆ ನನ್ನ ಹೆಸರು ಹೇಳಿ ಎಂದು ಕೇಳಿದಾಗ, "ನಿನ್ನ ತಾಯಿ ಹೇಗಿದ್ದಾರೆ?" ಎಂದರು. ನಾನು ತಾಯಿಯ ಮೊಣಕಾಲು ನೋವು, ಭಟ್ಕಳದ ಡಾಕ್ಟರು, ಮಣಿಪಾಲಕ್ಕೆ ಕರೆದುಕೊಂಡು ಹೋದದ್ದು, ಎಲ್ಲ ಹೇಳಿದೆ. ಕಿವಿಗೊಟ್ಟು ಕೇಳಿದರು. ಖುಷಿಯಿಂದ ಮನೆಗೆ ಬಂದೆ. ಕೆಲಸ ಬೇರೆಯವರ ಪಾಲಾಯಿತು. ಇನ್ನೊಂದು ಸಲ ವೀಸಾದ ವಿಷಯಕ್ಕೆ ಹೋದಾಗಲೂ ತಾಯಿ ಹೇಗಿದ್ದಾರೆ ಎಂದರು, ಆಗಲೂ ಕೆಲಸ ಆಗಲಿಲ್ಲ. ಕೊನೆಗೆ ನಾನೇ ಬಾಯಿಬಿಟ್ಟು ಕೇಳಿದೆ, ಆಗುವುದಿಲ್ಲ ಎಂದು ನೇರ ಹೇಳಬಾರದೇ ಎಂದು.

"ನಾನು ಇಷ್ಟು ವರ್ಷ ವಿದೇಶಿಯರ ಜತೆ ಕೆಲಸ ಮಾಡಿದವನು" ಎಂದರು. "ಇಲ್ಲ ಎಂದರೆ ಅವರು ಅದನ್ನು ಬರೆದುಕೊಳ್ಳುತ್ತಾರೆ. ಬರೆದದ್ದನ್ನು ಅಳಿಸುವುದು ಕಷ್ಟ. ತಾಯಿಯ ಆರೋಗ್ಯವನ್ನು ಯಾರೂ ಬರೆದುಕೊಳ್ಳುವುದಿಲ್ಲ."

ಆದರೆ ವಿಚಾರಿಸಿದ್ದು ಬರೀ ನೆಪಕ್ಕಲ್ಲ. ಮುಂದಿನ ಸಲ ಯುರೋಪಿಗೆ ಹೋದಾಗ ಮೊಣಕಾಲಿಗೆ ಕಟ್ಟುವ ಪಟ್ಟಿ ತಂದುಕೊಟ್ಟರು. ತಾಯಿ ಅದನ್ನು ಕೊನೆಯ ತನಕ ಕಟ್ಟಿಕೊಂಡರು.

ಆ ಮನೆಯಲ್ಲಿ ಇನ್ನೊಂದು ಎಚ್ಚರಿಕೆ ಬೇಕಿತ್ತು. ಯಾವುದನ್ನೂ ಹೊಗಳಬಾರದು. ಹಳೆಯ ಕಾಲದ ಅರಬರ ಮನೆಗಳಲ್ಲಿ ಅತಿಥಿ ಒಂದು ವಸ್ತುವನ್ನು ಮನಸಾರೆ ಮೆಚ್ಚಿಕೊಂಡರೆ ಅದನ್ನು ಅವನಿಗೆ ಕೊಟ್ಟುಬಿಡಬೇಕು. ನಾನೊಮ್ಮೆ ಅವರ ಊರುಗೋಲಿನ ಹಿಡಿಯನ್ನು ಚೆನ್ನಾಗಿದೆ ಎಂದು ಎರಡು ಬಾರಿ ಹೇಳಿ, ಅದನ್ನು ಹಿಡಿದುಕೊಂಡೇ ಅಲ್ ಬರ್ಷಾದ ನನ್ನ ಮನೆಗೆ ಬಂದಿದ್ದೆ. ಈಗಲೂ ಬಾಗಿಲ ಹಿಂದೆ ಇದೆ. ಅವತ್ತಿನಿಂದ ಅಲ್ಲಿ ನಾನು ಹೊಗಳುತ್ತಿದ್ದುದು ಹವಾಮಾನವನ್ನು ಮಾತ್ರ.

ಇದು ಆ ರಾಯಭಾರಿಗೆ ಗೊತ್ತಿರಲಿಲ್ಲ.

ಯಾವ ದೇಶದವರು ಎಂದು ಹೇಳುವುದಿಲ್ಲ, ಅವರ ಕಚೇರಿ ಇವತ್ತಿಗೂ ನನ್ನ ಗಿರಾಕಿ. ಯುರೋಪಿನ ದೊಡ್ಡ ದೇಶ ಅಂದರೆ ಸಾಕು. ಅರ್ಬಾಬರು ನಿವೃತ್ತರಾಗಿದ್ದರು. ಈ ಕೊಲ್ಲಿಯ ಮುತ್ತುಗಳು ಬೊಂಬಾಯಿಗೆ ಹೋಗಿ ಅಲ್ಲಿಂದ ಯುರೋಪಿನ ಒಡವೆ ಅಂಗಡಿಗಳಿಗೆ ಹೋಗುತ್ತಿದ್ದ ಕಾಲದ ಬಗ್ಗೆ ಎರಡೂ ದೇಶ ಸೇರಿ ಅಬುಧಾಬಿಯಲ್ಲಿ ಒಂದು ಪ್ರದರ್ಶನ ಮಾಡಬೇಕೆಂದು ಮಾತಾಗಿತ್ತು. ಹಳೆಯ ಮುತ್ತಿನ ಮನೆತನಗಳು ತಮ್ಮ ತಮ್ಮ ಸಾಮಾನು ಕೊಟ್ಟರೆ ಮಾತ್ರ ಪ್ರದರ್ಶನ. ಆ ಮನೆತನಗಳ ಬಾಗಿಲು ತಟ್ಟಬಲ್ಲವರು ಅರ್ಬಾಬರು. ಅದಕ್ಕಾಗಿ ರಾಯಭಾರಿ ಅವರ ಮಜ್ಲಿಸಿಗೆ ಬಂದಿದ್ದರು. ಜಮಖಾನೆ ಬದಲಾಯಿಸಲು ಹೋಗಿದ್ದ ನಾನು ಮೂಲೆಯಲ್ಲಿ ಕೂತಿದ್ದೆ. ಸುಳ್ಳು ಯಾಕೆ, ಆ ಪ್ರದರ್ಶನದ ಟೆಂಟು, ಆಸನ ನನಗೇ ಬರಬೇಕು ಎಂಬ ಆಸೆಯೂ ಅಲ್ಲೇ ಕೂತಿತ್ತು.

ಅವತ್ತು ತೋರಿಸಲೆಂದು ಒಂದು ಮರದ ಡಬ್ಬಿಯನ್ನು ಹೊರಗೆ ಇಟ್ಟಿದ್ದರು. ಅದರೊಳಗೆ ಹಿತ್ತಾಳೆಯ ಮುತ್ತಿನ ಜರಡಿಗಳು. ಸಣ್ಣ ಬಟ್ಟಲಿನ ಹಾಗಿರುತ್ತವೆ, ತಳದಲ್ಲಿ ತೂತುಗಳು, ಒಂದರ ಮೇಲೊಂದು ಕೂರುತ್ತವೆ. ಮೇಲಿನದರ ತೂತು ದೊಡ್ಡದು, ಕೆಳಗೆ ಹೋದಂತೆ ಸಣ್ಣದು. ಮುತ್ತಿನ ವ್ಯಾಪಾರಿ ಮೇಲಿಂದ ಸುರಿದು ಅಲ್ಲಾಡಿಸಿದರೆ ಸಣ್ಣವೆಲ್ಲ ಇಳಿದುಹೋಗಿ ಬೆಲೆಬಾಳುವ ದೊಡ್ಡ ಮುತ್ತು ಮೇಲಿನ ಜರಡಿಯಲ್ಲೇ ನಿಲ್ಲುತ್ತದೆ. ಅದಕ್ಕೇ ಮೇಲಿನದು ಇಡೀ ಸೆಟ್ಟಿನ ರಾಜ.

ರಾಯಭಾರಿ ಅದನ್ನೇ ಎತ್ತಿ ದೀಪಕ್ಕೆ ಹಿಡಿದರು. ಬೆಳಕು ಚುಕ್ಕೆ ಚುಕ್ಕೆಯಾಗಿ ಅವರ ಅಂಗಿಯ ಮೇಲೆ ಬಿತ್ತು. ಎಷ್ಟು ಚೆನ್ನಾಗಿದೆ ಎಂದರು. ಒಳ್ಳೆಯ ಮನುಷ್ಯ, ಹಳೆಯ ವಸ್ತುಗಳ ಮೇಲೆ ನಿಜವಾದ ಪ್ರೀತಿ. ಮತ್ತೊಮ್ಮೆ ಹೇಳಿದರು. ನಾನು ಮೂಲೆಯಿಂದ ಕೆಮ್ಮಿದೆ. ಮೂರನೆಯ ಸಲ, ಇಂಥದ್ದನ್ನು ತಮ್ಮ ಜೀವನದಲ್ಲೇ ನೋಡಿಲ್ಲ ಎಂದರು. ಅರ್ಬಾಬರು ಒಳಮನೆಯ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಎದ್ದು, ಜರಡಿಗಳನ್ನು ಒಂದೊಂದಾಗಿ ಕೂಡಿಸಿ, ಡಬ್ಬಿ ಮುಚ್ಚಿ, "ಇದು ನಿಮ್ಮದು" ಎಂದು ಅವರ ಕೈಯಲ್ಲಿಟ್ಟರು. ಬೇಡ ಬೇಡ ಎಂದಷ್ಟೂ ಬಿಗಿಯಾಗಿ ಇಟ್ಟರು.

ಕೆಲವು ದಿನ ಬಿಟ್ಟು ಶೈಲಜಾ ಫೋನು ಮಾಡಿದಳು. ಮೈಸೂರಿನವಳು, ಆ ರಾಯಭಾರ ಕಚೇರಿಯಲ್ಲಿ ಸಮಾರಂಭಗಳ ಉಸ್ತುವಾರಿ. ನನ್ನ ಬಿಲ್ಲಿನ ಪ್ರತಿ ಸಾಲಿಗೂ ಪ್ರಶ್ನೆ ಕೇಳುವವಳು, ಅದಕ್ಕೇ ಅವಳ ಮೇಲೆ ನನಗೆ ಗೌರವ.

"ಭಾಯ್, ಒಂದು ತೊಂದ್ರೆ ಆಗಿದೆ. ನಮ್ಮ ಸಾಹೇಬ್ರು ಆ ಡಬ್ಬಿ ಇಟ್ಕೊಳ್ಳೋ ಹಾಗಿಲ್ಲ."

"ಎಂತಕ್ಕೆ ಮೇಡಂ? ಕೊಟ್ಟವರು ಕೊಟ್ಟಾಯ್ತು, ತಗೊಂಡವರು ತಗೊಂಡಾಯ್ತು."

"ಅವರ ದೇಶದ ರೂಲ್ಸು. ಒಂದು ಬೆಲೆ ಮೀರಿದ ಉಡುಗೊರೆ ಯಾವ ಅಧಿಕಾರೀನೂ ಇಟ್ಕೊಳ್ಳೋ ಹಾಗಿಲ್ಲ. ವಾಪಸ್ ಕೊಡ್ಬೇಕು, ಇಲ್ಲಾಂದ್ರೆ ಅವರ ರಾಜಧಾನಿಗೆ ಕಳಿಸ್ಬೇಕು. ಅಲ್ಲಿ ಯಾವ್ದೋ ಉಗ್ರಾಣದಲ್ಲಿ ಬಿದ್ದಿರತ್ತೆ."

"ಉಗ್ರಾಣಕ್ಕಾ? ಹೋದ ಹಾಗೇ ಅದು."

"ಅದಕ್ಕೇ ಸಾಹೇಬ್ರು ಡ್ರೈವರ್ ಕೈಲಿ ವಾಪಸ್ ಕಳಿಸಿದ್ರು."

"ಕಳಿಸಿಯೂ ಆಯ್ತಾ?"

"ಆಯ್ತು. ಗೇಟೇ ತೆಗೀಲಿಲ್ವಂತೆ. ಆಮೇಲೆ ಸಾಹೇಬ್ರೇ ಫೋನ್ ಮಾಡಿದ್ರು. ನಿಮ್ಮ ಅರ್ಬಾಬ್ರಿಗೆ ಬೇಜಾರಾದ ಹಾಗೆ ಕಾಣ್ಲಿಲ್ಲ ಬಿಡಿ, ತುಂಬಾ ಚೆನ್ನಾಗಿ ಮಾತಾಡಿದ್ರಂತೆ. ಪ್ರದರ್ಶನದ ವಿಷಯ ಎತ್ತಿದ್ರೆ, ನಿಮ್ಮ ತಾಯಿ ಹೇಗಿದ್ದಾರೆ ಅಂತ ಪ್ರೀತಿಯಿಂದ ವಿಚಾರಿಸಿದ್ರಂತೆ. ಸಾಹೇಬ್ರಿಗೆ ಸಮಾಧಾನ ಆಗಿದೆ."

ನಾನು ಕೂತಲ್ಲಿಂದ ಎದ್ದೆ. "ಮೇಡಂ, ಖಲಾಸ್."

"ಏನು ಖಲಾಸ್?"

"ಪ್ರದರ್ಶನ ಖಲಾಸ್. ನಿಮ್ಮ ಸಾಹೇಬರಿಗೆ ಹೇಳಿ, ತಾಯಿಯನ್ನು ಕೇಳಿದರು ಅಂದ್ರೆ ಬಾಗಿಲು ಹಾಕಿದರು ಅಂತ."

ಅರ್ಬಾಬರ ಲೆಕ್ಕದಲ್ಲಿ, ಕೊಟ್ಟದ್ದನ್ನು ಹಿಂದಕ್ಕೆ ಕಳಿಸುವುದು ಮುಖಕ್ಕೆ ಹೊಡೆದ ಹಾಗೆ. ರಾಯಭಾರಿಯ ಲೆಕ್ಕದಲ್ಲಿ, ಇಟ್ಟುಕೊಳ್ಳುವುದು ಲಂಚ ತಿಂದ ಹಾಗೆ. ಇಬ್ಬರೂ ಸರಿಯಾದ ಮನುಷ್ಯರು. ಒಬ್ಬ ಸ್ವಲ್ಪ ತಪ್ಪಿದ್ದರೂ ನನಗೆ ಕೆಲಸ ಸುಲಭವಾಗುತ್ತಿತ್ತು. ತಪ್ಪಿರುವವನನ್ನು ಬಗ್ಗಿಸಬಹುದು, ಸರಿ ಇರುವವರಿಬ್ಬರನ್ನು ಬಗ್ಗಿಸುವುದು ದೊಡ್ಡ ತಲೆನೋವು. ಕೊನೆಗೆ ಯಾರಿಗೂ ಬೇಡವಾದ ಆ ಡಬ್ಬಿಯನ್ನು ಶೈಲಜಾ ನನ್ನ ಅಂಗಡಿಯಲ್ಲಿ ತಂದಿಟ್ಟಳು. ಹಗಲೆಲ್ಲ ಅದು ಜಮಖಾನೆಗಳ ನಡುವೆ ಕೂತು ನನ್ನನ್ನು ನೋಡುತ್ತಿತ್ತು.

ಒಂದು ಶನಿವಾರ ಅದನ್ನು ಕಾರಿನಲ್ಲಿ ಹಾಕಿಕೊಂಡು ಮದೀನತ್ ಜಾಯೆದ್ ಕಡೆ ಹೊರಟೆ. ಆ ಊರಿನಾಚೆ ಅವರ ಖರ್ಜೂರದ ತೋಟ ಇತ್ತು. ಮನಸ್ಸು ಕೆಟ್ಟಾಗ ಮನೆಮಂದಿಯನ್ನೆಲ್ಲ ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದರು. ತೋಟದ ಮನೆಯ ಹೊರಗೆ ಚಾಪೆ ಹಾಸಿ ಕೂತಿದ್ದರು. ಕಾರಿನ ಹಿಂದಿನ ಸೀಟನ್ನು ನೋಡಿದರು.

"ಅದನ್ನು ಯಾಕೆ ತಂದೆ?"

"ನನ್ನ ಅಂಗಡಿಯಲ್ಲಿ ಜಾಗ ಇಲ್ಲ ಅರ್ಬಾಬ್."

"ಅದು ನನ್ನದಲ್ಲ."

"ಗೊತ್ತು, ರಾಯಭಾರಿಯದ್ದು. ಅವರು ಬೇಡ ಅನ್ನಲಿಲ್ಲ. ಅವರ ಸರಕಾರ ಹೆಂಡತಿಯ ಹಾಗೆ. ಗಂಡ ಹೊರಗಿಂದ ಏನು ತಂದರೂ, ಮನೆಯಿಂದ ಏನು ಕೊಟ್ಟರೂ ಲೆಕ್ಕ ಕೇಳುತ್ತದೆ."

ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ತಿರುಗಿ ಮನೆಯ ಕಡೆ ನೋಡಿದರು.

ನಾನು ಮಾತು ಮುಂದುವರಿಸಿದೆ. ಇಡೀ ಸೆಟ್ಟಿಗೆ ಬೆಲೆ ಜಾಸ್ತಿ, ಅದಕ್ಕೇ ತೊಂದರೆ. ಬಿಡಿಯಾಗಿ ಒಂದೇ ಜರಡಿಗೆ ಪೇಟೆಯಲ್ಲಿ ಅಂಥ ಬೆಲೆ ಇಲ್ಲ, ಅದನ್ನು ಅವರು ಇಟ್ಟುಕೊಳ್ಳಬಹುದು, ನಾನು ವಿಚಾರಿಸಿದ್ದೇನೆ. ಒಂದನ್ನು ಅವರು ಇಟ್ಟುಕೊಳ್ಳಲಿ. ಉಳಿದವೂ ಅವರವೇ, ಆದರೆ ನಿಮ್ಮ ಹತ್ತಿರ ಅಮಾನತ್ತಾಗಿ, ನಂಬಿ ಒಪ್ಪಿಸಿಟ್ಟ ಹಾಗೆ, ಇರಲಿ. ನೀವು ಕೊಟ್ಟದ್ದನ್ನು ಹಿಂದೆ ತೆಗೆದುಕೊಂಡ ಹಾಗಾಗಲಿಲ್ಲ, ಅವರು ನಿಯಮ ಮುರಿದ ಹಾಗೂ ಆಗಲಿಲ್ಲ.

ಇಷ್ಟು ಹೇಳಿ, ಈಗ ನನ್ನ ತಾಯಿಯ ವಿಷಯ ಬರುತ್ತದೆ ಎಂದು ಕಾದೆ. ಬರಲಿಲ್ಲ.

"ಯಾವುದು?" ಎಂದರು.

"ಯಾವುದಾದರೂ. ನಡುವಿನ ಒಂದು."

ಡಬ್ಬಿಯನ್ನು ತಾವೇ ಎತ್ತಿಕೊಂಡು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ನಾನು ಚಾ ಕುಡಿದೆ, ಮೇಕೆಗಳಿಗೆ ಹಾಕಿದ ಹುಲ್ಲಿನ ಬೆಲೆ ವಿಚಾರಿಸಿದೆ. ಹೊರಗೆ ಬಂದಾಗ ಅವರ ಕೈಯಲ್ಲಿ ನಡುವಿನ ಒಂದು ಜರಡಿ ಇತ್ತು, ಅಂಚು ನಗ್ಗಿದ್ದು. ನಾನು ಒಳಗೊಳಗೇ ಮೆಚ್ಚಿದೆ. ನನ್ನ ಅರ್ಬಾಬ್ ಪೆಟ್ಟುಬಿದ್ದ ಮಾಲನ್ನೇ ಆರಿಸಿದ್ದಾರೆ, ಎಷ್ಟೆಂದರೂ ವ್ಯಾಪಾರಸ್ಥರ ನಾಡಿನವರು.

"ಒಂದು ಷರತ್ತು" ಎಂದರು. "ರಾಯಭಾರಿಗಳು ಬದಲಾಗುತ್ತಾರೆ. ಹೊಸಬರು ಬಂದಾಗ ಇದನ್ನು ಹಿಡಿದುಕೊಂಡು ನನ್ನ ಮನೆಗೆ ಬರಬೇಕು. ಉಳಿದವುಗಳ ಜತೆ ಕೂಡಿಸಿ ನೋಡಬೇಕು. ಆಮೇಲೆ ತೆಗೆದುಕೊಂಡು ಹೋಗಲಿ."

ಅದೇ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ನನ್ನ ಚಾಣಾಕ್ಷತನ ಬಣ್ಣಿಸಿದೆ. ಅವಳು ಮೀನಿನ ಮುಳ್ಳು ಬಿಡಿಸುತ್ತ ಕೇಳಿದಳು, "ಅವರ ಹೆಂಡತಿ ಎಂತ ಹೇಳಿದ್ರು?"

"ಅವರದ್ದು ಎಂತ ಉಂಟು ಇದರಲ್ಲಿ? ಇದು ಎರಡು ದೇಶದ ವಿಷಯ."

"ಡಬ್ಬಿ ಮನೆಯೊಳಗೆ ತಗೊಂಡು ಹೋದರು ಅಂದಿರಲ್ಲ. ಸುಮ್ಮನೆ ಕೇಳಿದೆ."

ಪ್ರದರ್ಶನ ಚೆನ್ನಾಗಿ ನಡೆಯಿತು. ನನ್ನ ಟೆಂಟುಗಳೇ ನಿಂತವು.

ಆ ಷರತ್ತು ಮುಂದೆ ಒಂದು ಪದ್ಧತಿಯೇ ಆಗಿಹೋಯಿತು. ಹೊಸ ರಾಯಭಾರಿ ಬಂದರೆ ಶೈಲಜಾ ನನಗೆ ಹೇಳುವಳು, ನಾನು ಅರ್ಬಾಬರಿಗೆ ಹೇಳುವೆ. ನಡುವಿನದು ಇಲ್ಲದ ಕಾರಣ ಉಳಿದ ಜರಡಿಗಳು ಸರಿಯಾಗಿ ಕೂರದೆ, ಡಬ್ಬಿ ಎತ್ತಿದರೆ ಕಟಕಟ ಎನ್ನುತ್ತಿದ್ದವು. ಒಳಗಿಂದ ಆ ಸದ್ದು ಕೇಳಿದರೆ ಅರ್ಬಾಬ್ ಬರುತ್ತಿದ್ದಾರೆ ಎಂದು ತಿಳಿಯಬೇಕು. ಆಳುಗಳ ಕೈಗೆ ಡಬ್ಬಿ ಕೊಡುತ್ತಿರಲಿಲ್ಲ. ರಾಯಭಾರಿ ತಂದ ಜರಡಿಯನ್ನು ನಡುವೆ ಕೂರಿಸಿ ಅಲ್ಲಾಡಿಸುವರು, ಸದ್ದಿಲ್ಲ. "ತಮಾಮ್" ಎನ್ನುವರು, ಪೂರ್ತಿಯಾಯಿತು ಎಂದರ್ಥ. ಮತ್ತೆ ಬಿಡಿಸಿ ಅವರ ಕೈಗೆ ಕೊಡುವರು. ಒಬ್ಬ ರಾಯಭಾರಿ ಅದನ್ನು ಪಾಲಿಶ್ ಹಾಕಿಸಿ ಫಳಫಳ ಹೊಳೆಯುವ ಹಾಗೆ ಮಾಡಿಕೊಂಡು ಬಂದಿದ್ದರು. ಅರ್ಬಾಬರು ಅದನ್ನು ತಿರುಗಿಸಿ ನೋಡಿ, ಅವರ ತಾಯಿಯ ಆರೋಗ್ಯ ವಿಚಾರಿಸಿದರು. ಶೈಲಜಾ ಪಕ್ಕದಿಂದ ನನ್ನನ್ನು ನೋಡಿದಳು. ಆ ವರ್ಷ ಆ ಕಚೇರಿಯ ಯಾವ ಊಟಕ್ಕೂ ಅರ್ಬಾಬರು ಹೋಗಲಿಲ್ಲ.

ಇದೆಲ್ಲ ಯಾಕೆ ಬೇಕು, ಒಂದು ನಗ್ಗಿದ ಹಿತ್ತಾಳೆ ಬಟ್ಟಲಿಗೆ, ಎಂದು ಕೇಳಿದ್ದೆ. "ಕಚೇರಿಗಳಿಗೆ ನೆನಪು ಇರುವುದಿಲ್ಲ ಭಟ್ಕಲಿ. ಮನುಷ್ಯ ಬದಲಾದರೆ ಮತ್ತೆ ಅಲಿಫ್‌ನಿಂದ, ಮೊದಲ ಅಕ್ಷರದಿಂದ, ಶುರು. ಕೈಯಲ್ಲಿ ಒಂದು ವಸ್ತು ಇದ್ದರೆ, ಇದೇನು ಎಂದಾದರೂ ಕೇಳುತ್ತಾರೆ" ಎಂದರು.

ಕೊನೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ. ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು, ಅವರಿಗೆ ಏನು ಕಾಣುತ್ತದೆ ಎಂದು ಎದುರಿಗೆ ನೋಡಿದೆ. ಕಿಟಕಿ ಇತ್ತು, ಪರವಾಗಿಲ್ಲ. "ಚಳಿ ಶುರುವಾಗುವಷ್ಟರಲ್ಲಿ ತೋಟಕ್ಕೆ ಹೋಗುವಿರಂತೆ ಅರ್ಬಾಬ್" ಎಂದೆ.

ಅವರು ಕಿಟಕಿಯಿಂದ ನನ್ನ ಕಡೆ ತಿರುಗಿ, "ನಿನ್ನ ತಾಯಿ ಹೇಗಿದ್ದಾರೆ?" ಎಂದರು.

ತಾಯಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಅವರಿಗೂ ಗೊತ್ತಿತ್ತು, ಆಗ ಮೊದಲು ಫೋನು ಮಾಡಿದವರೇ ಅವರು.

"ಚೆನ್ನಾಗಿದ್ದಾರೆ ಅರ್ಬಾಬ್" ಎಂದೆ.

ಸಂತಾಪದ ಟೆಂಟನ್ನು ಮನೆಯ ಎದುರಿಗೆ ಹಾಕಿದೆ. ಪ್ರತಿ ಮುಖ್ಯ ಆಸನದಲ್ಲಿ ನಾನೇ ಕೂತು ನೋಡಿದೆ. ಜನ ಬಂದು ಹೋಗುತ್ತಿದ್ದಾಗ ಶೈಲಜಾ ಫೋನು ಮಾಡಿದಳು. ಹೊಸ ರಾಯಭಾರಿ ಬಂದು ಕೆಲವೇ ದಿನವಾಗಿತ್ತು, ಈ ಸಲ ಹೆಂಗಸು. ಅರ್ಬಾಬರನ್ನು ನೋಡುವ ಮೊದಲೇ ಹೀಗಾಯಿತು.

"ಭಾಯ್, ನಮ್ಮ ಮೇಡಂ ಸಂತಾಪಕ್ಕೆ ಬರ್ತಿದ್ದಾರೆ. ಜರಡಿ ತರೋದಾ ಬೇಡ್ವಾ? ಸಾವಿನ ಮನೆಗೆ ಉಡುಗೊರೆ ಹಿಡ್ಕೊಂಡು ಬಂದ ಹಾಗೆ ಆಗಲ್ವಾ? ತರದೇ ಇದ್ರೆ ಮರೆತ ಹಾಗಾಗತ್ತೆ. ಅಥವಾ ವಾಪಸ್ ಕೊಟ್ಟುಬಿಡೋದಾ? ಅವರೇ ಇಲ್ವಲ್ಲ."

ವಿಚಾರಿಸಿ ಹೇಳುತ್ತೇನೆ ಎಂದು ಫೋನು ಇಟ್ಟೆ. ಈ ಪದ್ಧತಿ ಇಲ್ಲಿಗೆ ಮುಗಿಯುತ್ತದೋ ಮುಂದೆ ಹೋಗುತ್ತದೋ ಎಂಬುದು ಆ ಒಂದು ಜರಡಿಯಲ್ಲಿತ್ತು. ಟೆಂಟಿನಲ್ಲಿ ಅರ್ಬಾಬರ ಮಗನ ಪಕ್ಕ ಹೋಗಿ ಕೂತು ಕೇಳಿದೆ. ಅವನು ಆ ರಾಯಭಾರಿಯ ದೇಶದಲ್ಲೇ ಓದಿ ಬಂದವನು, ಬ್ಯಾಂಕಿನಲ್ಲಿ ದೊಡ್ಡ ಕೆಲಸ.

"ನಾನು ಹೇಗೆ ಹೇಳಲಿ?" ಎಂದ. "ಅದನ್ನು ಅಮ್ಮ ಹೇಳಬೇಕು. ಜರಡಿಗಳು ಅಮ್ಮನವು."

"ಅಮ್ಮನವಾ?"

"ಅಮ್ಮನ ಅಪ್ಪನವು. ದಲ್ಮಾ ದ್ವೀಪದಲ್ಲಿ ಮುತ್ತಿನ ವ್ಯಾಪಾರಿ ಆಗಿದ್ದರಲ್ಲ. ನಿನಗೆ ಗೊತ್ತಿಲ್ಲವಾ? ರಾಯಭಾರಿಗೆ ತೋರಿಸಲಿಕ್ಕೆ ಅಂತ ಅಮ್ಮ ಒಂದು ಸಂಜೆಗೆ ಹೊರಗೆ ಕೊಟ್ಟಿದ್ದು. ಅಪ್ಪ ಕೊಟ್ಟೇಬಿಟ್ಟರು. ಆಮೇಲೆ ಅಮ್ಮ ಅಪ್ಪನ ಜತೆ ಮಾತಾಡಿರಲಿಲ್ಲ. ತೋಟಕ್ಕೆ ಹೋದದ್ದು ಅದಕ್ಕೇ. ನೀನು ಡಬ್ಬಿ ತಂದ ದಿನ ಅಪ್ಪ ಒಳಗೆ ಬಂದು ಅಮ್ಮನ ಮುಂದೆ ಇಟ್ಟು, ಒಂದನ್ನು ಕೊಡು, ಉಳಿದದ್ದು ನಿನಗೆ ಎಂದರು. ಅಮ್ಮ ಬಹಳ ಹೊತ್ತು ನೋಡಿ ಪೆಟ್ಟುಬಿದ್ದದ್ದನ್ನು ತೆಗೆದು ಕೊಟ್ಟಳು."

ನಾನು ಅಷ್ಟು ವರ್ಷ ಹೇಳಿಕೊಂಡು ತಿರುಗಿದ ನನ್ನ ದೊಡ್ಡ ವ್ಯವಹಾರ ಇದು. ತೋಟದ ಮನೆಯ ಹೊರಗೆ ನಾನು ಎರಡು ದೇಶಗಳ ನಡುವೆ ಮಾತುಕತೆ ನಡೆಸಿದೆ ಎಂದುಕೊಂಡು ಮೇಕೆ ಹುಲ್ಲಿನ ಬೆಲೆ ಕೇಳುತ್ತ ಕೂತಿದ್ದೆ, ಮಾತುಕತೆ ಒಳಗೆ ನಡೆದಿತ್ತು. ವ್ಯಾಪಾರಕ್ಕೆ ಇಳಿದವರಿಗೆ ನನ್ನ ಸಲಹೆ. ಎದುರಿನವರು ಬೇಗ ಒಪ್ಪಿದರೆ ನಿಮ್ಮ ಬುದ್ಧಿಯನ್ನು ಮೆಚ್ಚಿಕೊಳ್ಳಬೇಡಿ, ಮನೆಯೊಳಗೆ ಯಾರಿದ್ದಾರೆ ಎಂದು ವಿಚಾರಿಸಿ. ನನ್ನ ಹೆಂಡತಿ ಮೀನಿನ ಮುಳ್ಳು ಬಿಡಿಸುತ್ತಲೇ ಅದನ್ನು ಕೇಳಿದ್ದಳು.

ಮಗ ಒಳಗೆ ಹೋಗಿ ಕೇಳಿಬಂದ. "ತರಲಿ ಎಂದಳು" ಎಂದ. ಶೈಲಜಾಗೆ ಹಾಗೇ ತಿಳಿಸಿದೆ.

ರಾಯಭಾರಿ ಬಂದರು. ಹೆಂಗಸಾದ್ದರಿಂದ ನೇರ ಒಳಮನೆಗೆ ಹೋದರು, ಶೈಲಜಾ ಜತೆಗೆ. ರಾಯಭಾರಿಯ ಕೈಯಲ್ಲಿ ಒಂದು ಬಟ್ಟೆಯ ಚೀಲ. ಮಗನೂ ನಾನೂ ಟೆಂಟಿನ ಬಾಗಿಲ ಹತ್ತಿರ ನಿಂತೆವು. ಒಳಗಿಂದ ಒಮ್ಮೆ ಕಟಕಟ ಸದ್ದು ಕೇಳಿತು. ನಿಂತಿತು. ಅಂದರೆ ಜರಡಿ ತನ್ನ ಜಾಗದಲ್ಲಿ ಕೂತಿತು. ಇನ್ನು ಸೆಟ್ಟು ಪೂರ್ತಿ, ವ್ಯವಹಾರ ಮುಗಿಯಿತು, ಯಾರನ್ನೂ ದೂರುವ ಹಾಗಿಲ್ಲ ಎಂದು ನನಗನಿಸಿತು. ಆದರೆ ಸ್ವಲ್ಪ ಹೊತ್ತಿಗೆ ಮತ್ತೆ ಕಟಕಟ ಕೇಳಿತು.

ಅವರು ಹೊರಗೆ ಬಂದಾಗ ರಾಯಭಾರಿ ಮಗನಿಗೆ ತಲೆಬಾಗಿ ಕಾರಿನತ್ತ ಹೋದರು. ಶೈಲಜಾ ಚೀಲ ಹಿಡಿದುಕೊಂಡು ನನ್ನ ಹತ್ತಿರ ಬಂದಳು, ಕಣ್ಣು ಕೆಂಪಾಗಿತ್ತು.

"ನಮ್ಮ ಮೇಡಂ ವಾಪಸ್ ಕೊಡ್ತೀನಿ ಅಂದ್ರು ಭಾಯ್, ಇದು ನಿಮ್ಮ ಮನೇದು, ನಿಮ್ಮಲ್ಲೇ ಇರಲಿ ಅಂತ. ಅಜ್ಜಿ ಕೈ ಚಾಚಿದ್ರು. ತಗೊಂಡು ಕೂರಿಸಿದ್ರು. ಅಲ್ಲಾಡಿಸಿ ಕೇಳಿದ್ರು. ಆಮೇಲೆ ಬೇರೆ ಒಂದನ್ನ ತೆಗೆದು, ತಲೆವಸ್ತ್ರದ ತುದೀಲಿ ಒರೆಸಿ ಮೇಡಂ ಕೈಲಿಟ್ರು. ಅಜ್ಜಿ ಮಾತನ್ನ ಮೊಮ್ಮಗಳು ಇಂಗ್ಲಿಷಲ್ಲಿ ಹೇಳಿದ್ಲು: ಮೊದಲಿನದು ನನ್ನ ಯಜಮಾನ್ರು ಕೊಟ್ಟಿದ್ದು, ಇದು ನಾನು ಕೊಡ್ತಿರೋದು. ಹೊಸಬರು ಬಂದಾಗ ನನ್ನ ಹತ್ರ ಕರ್ಕೊಂಡು ಬನ್ನಿ ಅಂತ."

ಚೀಲ ತೆರೆದು ತೋರಿಸಿದಳು. ನಗ್ಗಿದ್ದು ಅಲ್ಲ. ಎಲ್ಲಕ್ಕಿಂತ ಮೇಲಿನದು, ದೊಡ್ಡ ತೂತಿನದು, ದೊಡ್ಡ ಮುತ್ತು ನಿಲ್ಲುವಂಥದ್ದು. ಅಂಚಿನಲ್ಲಿ ಒಂದು ಗೀರೂ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಗ ಅದನ್ನು ನೋಡಿ ಟೆಂಟಿನೊಳಗೆ ಹೋದ.

ಶೈಲಜಾ ಮೂಗು ಒರೆಸಿಕೊಂಡು ಪೆನ್ನು ತೆಗೆದಳು. ಎಷ್ಟೆಂದರೂ ಅವಳು ಅವಳೇ.

"ಭಾಯ್, ಇದು ಹೊಸ ವಸ್ತು ಆಯ್ತು. ರೂಲ್ ಪ್ರಕಾರ ಮತ್ತೆ ಬೆಲೆ ಕಟ್ಟಿಸ್ಬೇಕು. ಇದು ಜಾಸ್ತಿ ಆಗತ್ತೆ ಅಲ್ವಾ? ನೀವೇ ಹೇಳಿ, ಎಷ್ಟು ಬಾಳತ್ತೆ ಇದು?"

ಆ ಜರಡಿಯನ್ನು ಕೈಗೆ ತೆಗೆದುಕೊಂಡೆ. ತೂಕ ನೋಡಿದೆ, ಅಂಚು ಸವರಿದೆ. ನನ್ನ ಅಂಗಡಿಗೆ ಬಂದ ಯಾವ ವಸ್ತುವಿಗೂ ಬೆಲೆ ಹೇಳದೆ ಕಳಿಸಿದವನಲ್ಲ ನಾನು. ಅದನ್ನು ಮತ್ತೆ ಚೀಲದಲ್ಲಿಟ್ಟೆ.

"ನಿಮ್ಮ ತಾಯಿಯವರು ಹೇಗಿದ್ದಾರೆ ಮೇಡಂ?" ಎಂದೆ.

ಅವಳು ನನ್ನ ಮುಖ ನೋಡಿದಳು. ಪೆನ್ನಿನ ಕ್ಯಾಪು ಹಾಕಿದಳು.

"ಚೆನ್ನಾಗಿದ್ದಾರೆ ಭಾಯ್" ಎಂದಳು.